ಹದಿನೇಳನೆಯ ಮೇಜು, ನಲವತ್ತೊಂದು ಮೆಟ್ಟಿಲು

ಕೆಲಸ ಕೇಳಿಕೊಂಡು ಹೊಸ ಜಾಗಕ್ಕೆ ಹೋದವರು ಸಾಮಾನ್ಯವಾಗಿ ಮೊದಲು ಯಜಮಾನರ ಮುಖ ನೋಡುತ್ತಾರೆ. ಕಿಟಕಿಯಕ್ಕ ನೋಡುತ್ತಿದ್ದುದು ಕಿಟಕಿ ಯಾವ ದಿಕ್ಕಿಗಿದೆ ಎಂದು. ಉತ್ತರಕ್ಕಿದ್ದರೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಪಶ್ಚಿಮಕ್ಕಿದ್ದರೆ ನಿಂತೇ ಎರಡು ಮಾತಾಡಿ ಬರುತ್ತಿದ್ದಳು. ಆ ಹೆಸರು ಆಕೆಗೆ ಬಂದದ್ದೂ ಹೀಗೆಯೇ. ತಾಯಿ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಆಕೆಯ ಕಸುಬು ಹಲ್ಲು ಕಟ್ಟುವುದು. ಡಾಕ್ಟರು ಬಾಯಿಯೊಳಗೆ ಕೂರಿಸುವ ಕ್ಯಾಪನ್ನು ಬಾಯಿಯ ಹೊರಗೆ, ಒಂದು ಮೇಜಿನ ಮೇಲೆ, ಬೇರೆ ಯಾರೋ ತಯಾರಿಸುತ್ತಾರೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ತೆಳುವಾದ ಲೋಹದ ಟೊಪ್ಪಿಯ ಮೇಲೆ ಕುಂಚದ ತುದಿಯಿಂದ ಪದರ ಪದರವಾಗಿ ಏರಿಸಿ, ರೇಡಿಯೊ ಗಾತ್ರದ ಕುಲುಮೆಯಲ್ಲಿ ನಾಲ್ಕೈದು ಸಲ ಸುಟ್ಟರೆ ಒಂದು ಹಲ್ಲಾಗುತ್ತದೆ. ಆಕಾರ ಅಚ್ಚಿನಿಂದ ಬರುತ್ತದೆ, ಅಳತೆ ಉಪಕರಣದಿಂದ ಬರುತ್ತದೆ. ಬಣ್ಣ ಮಾತ್ರ ಕಣ್ಣಿನಿಂದಲೇ ಬರಬೇಕು. ಕಣ್ಣಿಗೆ ಬೇಕಾದದ್ದು ಉತ್ತರದ ಬೆಳಕು. ಅದು ಬೆಳಗಿನಿಂದ ಸಂಜೆಯವರೆಗೆ ಮಾತು ಬದಲಿಸುವುದಿಲ್ಲ.

ಇಪ್ಪತ್ತಾರು ವರ್ಷಗಳಲ್ಲಿ ಆಕೆ ನಾಲ್ಕು ಕಡೆ ದುಡಿದಿದ್ದಳು. ಮೊದಲನೆಯದನ್ನು ಹನ್ನೊಂದನೆಯ ದಿನ ಬಿಟ್ಟಳು. ಅಲ್ಲಿ ಮಧ್ಯಾಹ್ನ ಮೂರಾಯಿತೆಂದರೆ ಎಲ್ಲರ ಹಲ್ಲೂ ಸೂರ್ಯಾಸ್ತದ ಬಣ್ಣಕ್ಕೆ ತಿರುಗುತ್ತಿತ್ತು. ಎರಡನೆಯ ಕಡೆ ರೇಡಿಯೊ ನಿಲ್ಲುತ್ತಿರಲಿಲ್ಲ. ಮೂರನೆಯ ಕಡೆ ಎಲ್ಲ ಸರಿಯಿತ್ತು, ಐದು ವರ್ಷ ಸುಖವಾಗಿದ್ದಳು. ಯಜಮಾನರು ಉತ್ಸಾಹದಿಂದ ಗೋಡೆಗೆ ಗುಲಾಬಿ ಬಣ್ಣ ಬಳಿಸಿದ ದಿನವೇ ರಾಜೀನಾಮೆ ಬರೆದುಕೊಟ್ಟಳು. ಗುಲಾಬಿ ಗೋಡೆಯ ಎದುರು ಹಿಡಿದ ಹಲ್ಲು ಸುಳ್ಳು ಹೇಳುತ್ತದೆ ಎಂದು ಆಕೆ ವಿವರಿಸಿದ್ದನ್ನು ಯಜಮಾನರು ನಂಬಲಿಲ್ಲ. ಪಕ್ಕದ ಬೀದಿಯಲ್ಲಿ ಹೆಚ್ಚು ಸಂಬಳ ಸಿಕ್ಕಿರಬೇಕು ಎಂದುಕೊಂಡರು.

"ಸಂಬಂಧ ನೋಡೋರೂ ಇಷ್ಟು ಕೊಂಕು ತೆಗೆಯಲ್ಲ ಕಣೆ," ಎಂದು ತಾಯಿ ಹೇಳುತ್ತಿದ್ದರು. "ಗೋಡೆ ಬಣ್ಣ ಹಿಡಿಸ್ಲಿಲ್ಲ ಅಂತ ಅನ್ನಕ್ಕೆ ಕಲ್ಲು ಹಾಕ್ಕೊಂಡೋಳು ಪ್ರಪಂಚದಲ್ಲಿ ನೀನೊಬ್ಳೇ."

ನಾಲ್ಕನೆಯ ಕಡೆ ಹದಿನೈದು ವರ್ಷ ಕಳೆದಿದ್ದವು. ಕಿಟಕಿ ಉತ್ತರಕ್ಕಿತ್ತು, ಗೋಡೆ ಬೂದಿ ಬಣ್ಣದ್ದಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕಿಟಕಿಯ ಪಕ್ಕ ಇನ್ನೊಂದು ಕುರ್ಚಿ ಇತ್ತು: ಮುಂದಿನ ಹಲ್ಲು ಕಟ್ಟಿಸುವವರನ್ನು ಡಾಕ್ಟರು ಅಲ್ಲಿಗೇ ಕಳಿಸುತ್ತಿದ್ದರು, ಆಕೆ ಅವರನ್ನು ಎದುರಿಗೆ ಕೂರಿಸಿಕೊಂಡು ಬಣ್ಣ ನೋಡುತ್ತಿದ್ದಳು. ಮುಖ ನೋಡದೆ ಮುಂದಿನ ಹಲ್ಲು ಕಟ್ಟಬಾರದು ಎಂಬುದು ಕಾಲಕ್ರಮದಲ್ಲಿ ಆಕೆಯ ಎರಡನೆಯ ಷರತ್ತಾಯಿತು. ಯಜಮಾನರ ಕಣ್ಣಿಗೆ ಪೊರೆ ಬಂದು ಅವರು ಬಾಗಿಲು ಮುಚ್ಚಿದಾಗ ಕಿಟಕಿಯಕ್ಕನಿಗೆ ನಲವತ್ತೆಂಟು ದಾಟಿತ್ತು. ಇನ್ನು ಕಣ್ಣು ನಡೆಯುವುದು ಹೆಚ್ಚೆಂದರೆ ಹತ್ತು ವರ್ಷ. ಈಗ ಹಿಡಿಯುವ ಮೇಜೇ ಕೊನೆಯ ಮೇಜು ಎಂದು ಆಕೆಗೆ ಗೊತ್ತಿತ್ತು.

ಮೇಜುಗಳು ಎರಡಿದ್ದವು.

ಒಂದು, ಊರಿನ ಅತಿದೊಡ್ಡ ಲ್ಯಾಬಿನಲ್ಲಿ. ಆಕೆಯ ತಮ್ಮ ಅಲ್ಲಿ ಹನ್ನೆರಡು ವರ್ಷದಿಂದ ರವಾನೆ ವಿಭಾಗ ನೋಡಿಕೊಳ್ಳುತ್ತಿದ್ದ. ಮನೆ ಬಾಗಿಲಿಗೆ ವ್ಯಾನು, ವಾರಕ್ಕೊಂದು ರಜೆ; ತಾಯಿಯ ಹೃದಯದ ತಪಾಸಣೆಗೆ ಮೂರು ತಿಂಗಳಿಗೊಮ್ಮೆ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಬದಲು ಖಾಸಗಿ ಆಸ್ಪತ್ರೆಗೆ ಹೋಗಲು ಲ್ಯಾಬಿನವರ ಕಾರ್ಡು. ಇನ್ನೊಂದು, ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ಹಲ್ಲಿನ ಪೂರ್ತಿ ಸೆಟ್ಟು ಕಟ್ಟುವ ಒಬ್ಬ ಮುದುಕರ ಕೋಣೆಯಲ್ಲಿ. ಲಿಫ್ಟ್ ಇಲ್ಲದ ನಲವತ್ತೊಂದು ಮೆಟ್ಟಿಲುಗಳ ಕಾರಣ ಅವರನ್ನು ಎಲ್ಲರೂ ಮೆಟ್ಟಿಲಜ್ಜ ಎನ್ನುತ್ತಿದ್ದರು. ಕಾರ್ಡಿಲ್ಲ, ವ್ಯಾನಿಲ್ಲ, ಅಜ್ಜನಿಗೆ ಎಪ್ಪತ್ತೆರಡಾದ್ದರಿಂದ ಬರುವ ವರ್ಷದ ಭರವಸೆಯೂ ಇಲ್ಲ. ಉತ್ತರದ ಕಿಟಕಿ ಇತ್ತು, ಅದರ ಪಕ್ಕ ಇನ್ನೊಂದು ಕುರ್ಚಿಗೂ ಜಾಗವಿತ್ತು.

"ಶನಿವಾರ ಸಂಜೆ ಐದರವರೆಗೆ ಕಾಯ್ತೀನಿ," ಎಂದಿದ್ದರು ಅಜ್ಜ. "ಆಮೇಲೆ ಕಿಟಕಿ ಪಕ್ಕ ನನ್ನ ಪ್ಲಾಸ್ಟರ್ ಮೂಟೆ ಇಟ್ಕೋತೀನಿ. ಮೂಟೆ ನನ್ನನ್ನ ಏನೂ ಕೇಳಲ್ಲ."

ತಮ್ಮ ಕೇಳಿದ ತಕ್ಷಣ ನಕ್ಕ. "ಅಕ್ಕ, ನಿನ್ನ ಮಂಡಿ ಎರಡು ಮೆಟ್ಟಿಲಿಗೇ ಅಯ್ಯೋ ಅನ್ನುತ್ತೆ. ನಲವತ್ತೊಂದು ಹತ್ತಿ ಕಿಟಕಿ ನೋಡ್ತೀಯಾ? ಮನೇಲೂ ಕಿಟಕಿ ಇದೆಯಲ್ಲ, ಭಾನುವಾರ ನೋಡು." ಆಮೇಲೆ ನಗು ನಿಲ್ಲಿಸಿದ. "ನಾನು ಲ್ಯಾಬಿನ ಮೇಡಂಗೆ ಮಾತು ಕೊಟ್ಟಿದ್ದೀನಿ. ಹನ್ನೆರಡು ವರ್ಷದಲ್ಲಿ ಯಾರ ಪರವಾಗೂ ಬಾಯಿ ಬಿಟ್ಟೋನಲ್ಲ. ಒಂದು ವಾರದ ಪರೀಕ್ಷೆ, ಅಷ್ಟೇ. ಅಮ್ಮನ ಮುಖ ನೋಡಿ ಒಪ್ಕೋ."

ಅಮ್ಮನ ಮುಖ ನೋಡಿ ಆಕೆ ಒಪ್ಪಿಕೊಂಡಳು.

ಲ್ಯಾಬಿನ ಹಾಲ್ ಆಸ್ಪತ್ರೆಗಿಂತ ಚೊಕ್ಕಟವಾಗಿತ್ತು. ನಲವತ್ತು ಮೇಜು, ಪ್ರತಿ ಮೇಜಿಗೂ ಅಂಕಿ, ಅಂಕಿಗೊಂದು ದೀಪ. ಕಿಟಕಿ ಎಲ್ಲಿಯೂ ಇರಲಿಲ್ಲ. ಆಕೆಯದು ಹದಿನೇಳನೆಯ ಮೇಜು. ಸೂಪರ್‌ವೈಸರ್ ಮೇಡಂಗೆ ಮೂವತ್ತೈದರ ಆಸುಪಾಸು. ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುತ್ತಿದ್ದರು, ಯಾರ ಮೇಲೂ ದನಿ ಏರಿಸುತ್ತಿರಲಿಲ್ಲ. ಕಿಟಕಿಯಕ್ಕ ಸುತ್ತ ನೋಡುತ್ತಿದ್ದುದನ್ನು ಗಮನಿಸಿ ಅವರೇ ಹೇಳಿದರು: "ಈ ದೀಪ ಹಗಲಿನ ಬೆಳಕಿಗೆ ಸಮ ಅಂತ ಸರ್ಟಿಫಿಕೇಟ್ ಇದೆ, ಅಕ್ಕಾ. ಮೋಡ ಬಂದ್ರೆ ಮಂಕಾಗಲ್ಲ, ಅದೊಂದೇ ವ್ಯತ್ಯಾಸ."

"ರೋಗಿಗಳು ಎಲ್ಲಿ ಕೂರ್ತಾರೆ ಮೇಡಂ?"

"ರೋಗಿಗಳು ಇಲ್ಲಿಗೆ ಬರಲ್ಲ. ಡಾಕ್ಟ್ರ ಸ್ಲಿಪ್ ಬರುತ್ತೆ. ನಮಗೆ ಸ್ಲಿಪ್ಪೇ ರೋಗಿ. ನಾವು ಅವರನ್ನ ಹುಡುಕ್ಕೊಂಡು ಹೋಗೋ ಹಾಗೂ ಇಲ್ಲ, ಅದು ಮೊದಲನೇ ರೂಲು."

ಆ ಮಾತಿನಲ್ಲಿ ಕುಹಕವಿರಲಿಲ್ಲ. ದಿನಕ್ಕೆ ಮುನ್ನೂರು ಹಲ್ಲು ಹೊರಬೀಳುವ ಕಡೆ ಮುನ್ನೂರು ಮುಖಗಳಿಗೆ ಜಾಗ ಎಲ್ಲಿ ಎಂದು ಕಿಟಕಿಯಕ್ಕನೇ ತನಗೆ ತಾನೇ ಹೇಳಿಕೊಂಡಳು. ಸೋಮವಾರ, ಮಂಗಳವಾರ ದವಡೆ ಹಲ್ಲುಗಳನ್ನು ಕಟ್ಟಿದಳು. ದವಡೆ ಹಲ್ಲಿನ ಬಣ್ಣ ಗಂಡನಿಗೂ ಕಾಣುವುದಿಲ್ಲ. ಮಂಗಳವಾರ ಸಂಜೆ ಪರೀಕ್ಷೆಯ ಹಲ್ಲು ಬಂತು.

ಮೇಲಿನ ಸಾಲಿನ ಮುಂದಿನ ಹಲ್ಲು, ಒಂದೇ ಒಂದು. ಅದಕ್ಕಿಂತ ಕಷ್ಟದ್ದು ಈ ಕಸುಬಿನಲ್ಲಿ ಇನ್ನೊಂದಿಲ್ಲ, ಏಕೆಂದರೆ ಅದರ ಜೋಡಿ ಪಕ್ಕದಲ್ಲೇ ನಿಂತು ಜೀವಮಾನವಿಡೀ ಸಾಕ್ಷಿ ಹೇಳುತ್ತಿರುತ್ತದೆ. ಸ್ಲಿಪ್ಪಿನಲ್ಲಿ ಇಷ್ಟಿತ್ತು: ಹೆಣ್ಣು, ನಲವತ್ತನಾಲ್ಕು, ಬಸ್ ಕಂಡಕ್ಟರ್, ಬಣ್ಣ ಎ-ಒಂದು, ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಕೂರಿಸಬೇಕು. ಹಲ್ಲು ಶುಕ್ರವಾರ ಹನ್ನೆರಡರ ವ್ಯಾನಿಗೆ ಹೋಗಬೇಕು. ತಪಾಸಣೆಯ ಮೇಜಿನಲ್ಲಿ ಅದು ಸ್ಲಿಪ್ಪಿನೊಡನೆ ಹೊಂದಿದರೆ ಹದಿನೇಳನೆಯ ಮೇಜು ಆಕೆಯದು.

ಬುಧವಾರ ಸಂಜೆ ನಾಲ್ಕಕ್ಕೆ ಹಲ್ಲು ಮುಗಿದಿತ್ತು. ಬಣ್ಣದ ಪಟ್ಟಿಯ ಎ-ಒಂದರ ಪಕ್ಕ ಹಿಡಿದರೆ ಯಾವುದು ಪಟ್ಟಿ ಯಾವುದು ಹಲ್ಲು ಎಂದು ಹೇಳುವಂತಿರಲಿಲ್ಲ. ಆಕೆ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅನಂತರ, ಕೈಗೆ ಕೆಲಸವಿಲ್ಲದ್ದರಿಂದ, ಪ್ಲಾಸ್ಟರಿನ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಅಚ್ಚಿನಲ್ಲಿದ್ದುದು ಚೆನ್ನಾಗಿ ದುಡಿದ ಬಾಯಿ. ಅಂಚುಗಳು ಸವೆದಿದ್ದವು, ಒಸಡು ಒಂದು ಕೂದಲೆಳೆಯಷ್ಟು ಮೇಲೆ ಸರಿದಿತ್ತು, ಪಕ್ಕದ ಹಲ್ಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಒಂದು ಸಣ್ಣ ಬಿರುಕಿನ ಗೆರೆ. ಎ-ಒಂದು ಎಂದರೆ ಆ ಬಳಗದ ಅತಿ ಬಿಳಿಯ ಬಣ್ಣ, ಹದಿನೆಂಟರ ಹುಡುಗಿಯ ಬಣ್ಣ. ಸವೆದ ಅಂಚು, ಹಾಲಿನ ಬಿಳುಪು, ಎರಡೂ ಒಂದೇ ಬಾಯಿಯಲ್ಲಿ ಇರುವುದು ತೀರ ಅಪರೂಪ.

ಮೇಡಂ ಬಳಿ ಹೋಗಿ ಹೇಳಿದಳು. ಮೇಡಂ ಗೊಣಗದೆ ಕ್ಲಿನಿಕ್ಕಿಗೆ ಫೋನ್ ಹಚ್ಚಿ, ಆಕೆಗೂ ಕೇಳಲೆಂದು ಸ್ಪೀಕರ್ ಒತ್ತಿದರು. ಅತ್ತಲಿನ ಹೆಣ್ಣುದನಿ ಹೇಳಿತು: "ಡಾಕ್ಟ್ರು ಬರೆದಿದ್ದೇ ಫೈನಲ್ ಅಂತೆ. ಪೇಷಂಟನ್ನ ಮತ್ತೆ ಕರೆಸೋಕಾಗಲ್ಲ, ಅವರು ಹದಿನಾಲ್ಕನೇ ನಂಬರ್ ಬಸ್ಸಲ್ಲಿರ್ತಾರೆ, ಫೋನೇ ಎತ್ತಲ್ಲ."

"ಆಯ್ತಲ್ಲ ಅಕ್ಕಾ," ಎಂದರು ಮೇಡಂ.

"ಆಯ್ತು," ಎಂದಳು ಕಿಟಕಿಯಕ್ಕ. ಹೊರಡುವ ಮುನ್ನ, "ನಾಳೆ ಬೆಳಿಗ್ಗೆ ಹನ್ನೊಂದೂವರೆವರೆಗೆ ರಜೆ ಬೇಕಿತ್ತು. ಕಣ್ಣಿನ ಕೆಲಸ ಇದೆ," ಎಂದಳು.

ಪೂರ್ತಿ ಸುಳ್ಳೂ ಅಲ್ಲ, ನಿಜವಂತೂ ಅಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಆಕೆ ಹದಿನಾಲ್ಕನೆಯ ನಂಬರಿನ ಬಸ್ಸಿಗಾಗಿ ನಿಂತಿದ್ದಳು. ಚೀಲದಲ್ಲಿ ಬಣ್ಣದ ಪಟ್ಟಿ, ಒಂದು ಬೂದಿ ಬಣ್ಣದ ಬಟ್ಟೆ, ಒಂದು ಬಾಟಲಿ ನೀರು. ಮೊದಲು ಬಂದ ಬಸ್ಸಿನಲ್ಲಿದ್ದವನು ಮೀಸೆಯ ಕಂಡಕ್ಟರ್, ಬಿಟ್ಟಳು. ಎರಡನೆಯದು ಒಂಬತ್ತು ಇಪ್ಪತ್ತಕ್ಕೆ ಬಂತು. ಬಾಗಿಲಲ್ಲಿ ನಿಂತ ಹೆಂಗಸು ಎಡಗೈಯಲ್ಲಿ ಕರವಸ್ತ್ರ ಹಿಡಿದು ಬಾಯಿ ಮುಚ್ಚಿಕೊಂಡಿದ್ದಳು. ಬಲಗೈ ಒಂದರಲ್ಲೇ ಟಿಕೆಟ್ ಮೆಷಿನ್ನು, ಕಂಬಿ, ಚಿಲ್ಲರೆ, ಎಲ್ಲ.

"ಏನ್ ಕಂಡಕ್ಟರಮ್ಮಾ, ಬಾಯಿಗೆ ಬೀಗನಾ? ಬಸ್ಸು ತಣ್ಣಗಿದೆ ಈ ವಾರ," ಎಂದ ಒಬ್ಬ ನಿತ್ಯದ ಪ್ರಯಾಣಿಕ.

"ಚಿಲ್ಲರೆ ಕೊಡಿ, ತೆಗೀತೀನಿ," ಎಂದಳು ಕರವಸ್ತ್ರದ ಹಿಂದಿನಿಂದ.

ಎಲ್ಲರೂ ನಕ್ಕರು. ಆಕೆ ನಗಲಿಲ್ಲ, ಅಥವಾ ನಕ್ಕದ್ದು ಕಾಣಲಿಲ್ಲ. ನಗುವಾಗಲಾದರೂ ಹಲ್ಲು ಕಂಡೀತೆಂದು ಕಿಟಕಿಯಕ್ಕ ಕತ್ತು ಚಾಚಿ ಕೂತದ್ದು ವ್ಯರ್ಥವಾಯಿತು. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು; ಏಳು ನಿಮಿಷದ ನಿಲುಗಡೆ; ಆದರೆ ಕಂಡಕ್ಟರಮ್ಮ ಲೆಕ್ಕ ಬರೆಸಲು ಕೌಂಟರಿಗೆ ಓಡಿದಳು. ಕಿಟಕಿಯಕ್ಕ ಮತ್ತೊಂದು ಟಿಕೆಟ್ ತೆಗೆದುಕೊಂಡು ಹತ್ತಿದ ಕಡೆಗೇ ವಾಪಸಾದಳು. ಅಲ್ಲಿಯೂ ಇಳಿಯಲಿಲ್ಲ. ಹತ್ತು ಗಂಟೆ ಹದಿನೈದು ನಿಮಿಷ. ಹನ್ನೊಂದೂವರೆಯೊಳಗೆ ಮೇಜಿನಲ್ಲಿರಬೇಕು. ಮೂರನೆಯ ಸಲ ಕೈ ಚಾಚಿದಾಗ ಕಂಡಕ್ಟರಮ್ಮ ಟಿಕೆಟ್ ಕೊಡಲಿಲ್ಲ.

"ಚೆಕಿಂಗ್‌ನೋರಾ?" ಎಂದು ಕೆಳದನಿಯಲ್ಲಿ ಕೇಳಿದಳು. "ಮೊದಲೇ ಹೇಳ್ಬಾರ್ದಾ. ನನ್ನ ಟಿಕೆಟೆಲ್ಲಾ ಸರಿ ಇದೆ. ಬೇಕಾದ್ರೆ ಮೆಷಿನ್ ನೋಡಿ."

"ಮೆಷಿನ್ ಬೇಡ. ನಿಮ್ಮ ಬಾಯಿ ನೋಡ್ಬೇಕಿತ್ತು."

ಕರವಸ್ತ್ರ ಇನ್ನೂ ಬಿಗಿಯಾಯಿತು.

"ನಿಮ್ಮ ಹಲ್ಲು ಕಟ್ತಿರೋಳು ನಾನು," ಎಂದಳು ಕಿಟಕಿಯಕ್ಕ. "ನಾಳೆ ಮೂರಕ್ಕೆ ಕೂರಿಸ್ತಾರಲ್ಲ, ಅದು."

ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ಖಾಲಿ ಬಸ್ಸಿನ ಮುಂಬಾಗಿಲ ಮೆಟ್ಟಿಲ ಮೇಲೆ, ಬಿಸಿಲು ನೇರ ಬೀಳದ ಕಡೆ, ಇಬ್ಬರೂ ಕೂತರು. ಕಿಟಕಿಯಕ್ಕ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದಳು. ಬೂದಿ ಬಟ್ಟೆಯನ್ನು ಕಂಡಕ್ಟರಮ್ಮನ ಕೆಂಪು ಕಾಲರಿನ ಮೇಲೆ ಹೊದಿಸಿದಳು. "ಎರಡು ನಿಮಿಷ ಬಾಯಿ ಮುಚ್ಚಿ ಕೂತಿರಿ. ಹಲ್ಲು ಒದ್ದೆಯಾಗಲಿ."

ಎರಡು ನಿಮಿಷ ಕಳೆದ ಮೇಲೆ ಕೈ ಕೆಳಗಿಳಿಯಿತು. ಒಂದು ಹಲ್ಲಿದ್ದ ಕಡೆ ಡಾಕ್ಟರು ಅರೆದು ಬಿಟ್ಟ ಗಿಡ್ಡ ಮೋಟು. ತಾತ್ಕಾಲಿಕವಾಗಿ ಹಾಕಿದ್ದ ಪ್ಲಾಸ್ಟಿಕ್ಕಿನ ಕ್ಯಾಪು ಮೂರನೆಯ ದಿನವೇ ಉದುರಿತ್ತು. ಅದರ ಪಕ್ಕದ ಜೋಡಿ ಹಲ್ಲನ್ನು ಕಿಟಕಿಯಕ್ಕ ಐದು ಎಣಿಸುವವರೆಗೆ ನೋಡಿದಳು, ಕಣ್ಣು ತಿರುಗಿಸಿ ಬೂದಿ ಬಟ್ಟೆ ನೋಡಿದಳು, ಮತ್ತೆ ಐದು. ಹೆಚ್ಚು ಹೊತ್ತು ನೋಡಿದರೆ ಕಣ್ಣು ಸೋತು ಒಪ್ಪಿಕೊಂಡುಬಿಡುತ್ತದೆ. ಒಸಡಿನ ಬಳಿ ಜೇನಿನ ಛಾಯೆ, ನಡುವೆ ಹಳೆಯ ಆನೆದಂತದ ಬಣ್ಣ, ತುದಿಯಲ್ಲಿ ತೆಳು ಬೂದಿ. ಪಟ್ಟಿಯ ಎ-ಮೂರು ಎಂದರೆ ಎ-ಮೂರೇ. ಎ-ಒಂದನ್ನು ಪಕ್ಕದಲ್ಲಿ ಹಿಡಿದಾಗ ಕತ್ತಲ ಮನೆಯಲ್ಲಿ ಒಂದೇ ದೀಪ ಹಚ್ಚಿದಂತಿತ್ತು.

"ಡಾಕ್ಟ್ರು ಬಣ್ಣ ನೋಡಿದ್ದು ಯಾವಾಗ? ಮೊದಲೋ ಕೊನೆಗೋ?"

"ಕೊನೆಗೆ. ಒಂದು ಗಂಟೆ ಬಾಯಿ ತೆಗೆಸಿ ಕೂರಿಸಿದ್ರು. ಹತ್ತಿ ತುರುಕಿ, ಗಾಳಿ ಊದಿ, ಹಿಟ್ಟಿನ ಥರ ಏನೋ ಕಚ್ಚಿಸಿ, ಆಮೇಲೆ ಪಟ್ಟಿ ಹಿಡಿದ್ರು."

ಅಲ್ಲಿಗೆ ವಿಷಯ ತಿಳಿಯಿತು. ಹಲ್ಲು ಒಣಗಿದರೆ ಬಿಳಿಚಿಕೊಳ್ಳುತ್ತದೆ, ನದಿಯ ಕಲ್ಲು ದಡದಲ್ಲಿ ಬಿಳಿಚಿಕೊಂಡ ಹಾಗೆ. ಮತ್ತೆ ತನ್ನ ಬಣ್ಣಕ್ಕೆ ಬರಲು ಅದಕ್ಕೆ ಗಂಟೆಗಟ್ಟಲೆ ಬೇಕು. ಬಣ್ಣವನ್ನು ಮೊದಲು ನೋಡಿ ಅನಂತರ ಕೆಲಸ ಶುರುಮಾಡಬೇಕು. ಡಾಕ್ಟರು ಅವಸರದಲ್ಲಿ ಕೊನೆಗೆ ನೋಡಿದ್ದರು. ಬರೆದದ್ದು ಸುಳ್ಳಲ್ಲ, ಆ ಗಳಿಗೆಯಲ್ಲಿ ಆ ಹಲ್ಲು ಬಿಳಿಯಾಗಿಯೇ ಇತ್ತು.

"ನನಗೆ ಅಂದಚಂದ ಬೇಡಮ್ಮ," ಎಂದಳು ಕಂಡಕ್ಟರಮ್ಮ. "ದಿನಕ್ಕೆ ಎಂಟುನೂರು ಜನರ ಎದುರು ಬಾಯಿ ತೆಗೀತೀನಿ. ಟಿಕೆಟ್ ಕೇಳುವಾಗ ಜನ ನನ್ನ ಕೈ ನೋಡ್ಬೇಕು. ಬಾಯಿ ನೋಡ್ಬಾರ್ದು. ಅಷ್ಟಾದ್ರೆ ಸಾಕು." ಕರವಸ್ತ್ರವನ್ನು ಮತ್ತೆ ಏರಿಸಿಕೊಂಡು ಕೇಳಿದಳು: "ನೀವು ಎಲ್ಲರ ಹಲ್ಲಿಗೂ ಹೀಗೇ ಬಸ್ ಹತ್ತೀರಾ?"

"ಇಲ್ಲ. ಹತ್ತಬಾರದು ಅಂತ ರೂಲಿದೆ."

"ಮತ್ತೆ?"

ಕಿಟಕಿಯಕ್ಕ ಟಿಕೆಟ್ಟಿನ ಹಿಂಬದಿಯಲ್ಲಿ ಹಲ್ಲಿನ ಚಿತ್ರ ಬರೆದು, ಯಾವ ಭಾಗಕ್ಕೆ ಯಾವ ಬಣ್ಣ ಎಂದು ಗುರುತಿಸಿಕೊಂಡಳು.

ಲ್ಯಾಬಿಗೆ ಮರಳಿದಾಗ ಹನ್ನೊಂದು ಮೂವತ್ತೇಳು. ಅದೇ ಅಚ್ಚಿಗೆ ಎರಡನೆಯ ಲೋಹದ ಟೊಪ್ಪಿ ಬೇಕೆಂದು ಚೀಟಿ ಬರೆದು ಯಂತ್ರದ ಕೋಣೆಗೆ ಕೊಟ್ಟಳು. ಅದು ಬಂದದ್ದು ಸಂಜೆ ನಾಲ್ಕೂವರೆಗೆ. ಆರಕ್ಕೆ ಹಾಲ್ ಮುಚ್ಚುವ ಮೊದಲು ಮೊದಲ ಪದರವನ್ನಷ್ಟೇ ಸುಡಲು ಸಾಧ್ಯವಾಯಿತು. ಸಂಜೆ ಮನೆಗೆ ತಮ್ಮ ಬಂದ.

"ಹಲ್ಲು ಮುಗಿದಿದೆಯಂತಲ್ಲ. ಮೇಡಂ ಖುಷಿಯಾಗಿದಾರೆ. ಸೋಮವಾರ ಕಾರ್ಡಿಗೆ ಅಮ್ಮನ ಫೋಟೊ ಬೇಕು, ಎರಡು."

"ಈ ಮುಖಕ್ಕೆ ಎರಡು ಫೋಟೊ ಯಾಕೋ," ಎಂದರು ತಾಯಿ. ಆದರೂ ಎದ್ದು ಪೆಟ್ಟಿಗೆ ತೆಗೆದು ಹುಡುಕಲು ತೊಡಗಿದರು.

ಕಿಟಕಿಯಕ್ಕ ಬಸ್ಸಿನ ವಿಷಯ ಎತ್ತದೆ ಅವರೊಡನೆ ಫೋಟೊ ಹುಡುಕಿದಳು.

ಶುಕ್ರವಾರ ಎಂಟಕ್ಕೆ ಬಾಗಿಲು ತೆರೆದಾಗ ಆಕೆ ಬಾಗಿಲಲ್ಲಿದ್ದಳು. ಎರಡನೆಯ ಪದರ, ಸುಡುವುದು, ಆರಿಸುವುದು. ಮೂರನೆಯ ಪದರ. ಒಸಡಿನ ಬಳಿಯ ಜೇನನ್ನು ಕುಂಚದ ಮೂರು ಕೂದಲಿನಿಂದ ಇಟ್ಟಳು. ಬಿರುಕಿನ ಗೆರೆಯನ್ನು ಉಸಿರು ಹಿಡಿದು ಎಳೆದಳು. ಒಂಬತ್ತು ಐವತ್ತಕ್ಕೆ ತುದಿಯಲ್ಲಿ ಗುಳ್ಳೆ ಎದ್ದಿತು. ಅರೆದು ಮತ್ತೆ ತುಂಬಿದಳು. ಕೊನೆಯ ಹೊಳಪಿನ ಸುಡುವಿಕೆ ಮುಗಿದು ಕುಲುಮೆ ಬಾಯಿ ಬಿಟ್ಟಾಗ ಹನ್ನೊಂದು ನಲವತ್ತಾರು. ಈಗ ಆಕೆಯ ಏಪ್ರನ್ನಿನ ಎಡ ಜೇಬಿನಲ್ಲಿ ಒಂದು ಡಬ್ಬಿ, ಬಲ ಜೇಬಿನಲ್ಲಿ ಒಂದು ಡಬ್ಬಿ.

ತಪಾಸಣೆಯ ಮೇಜಿನ ಹಿಂದೆ ಮೇಡಂ ಸ್ವತಃ ಕೂತಿದ್ದರು. ಗಾಜಿನಾಚೆ ರವಾನೆಯ ಕೌಂಟರಿನಲ್ಲಿ ತಮ್ಮ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತ ಆಗಾಗ ಇತ್ತ ನೋಡುತ್ತಿದ್ದ.

ಕಿಟಕಿಯಕ್ಕ ಬಲ ಜೇಬಿನ ಡಬ್ಬಿಯನ್ನು ಇಟ್ಟಳು. ಮೇಡಂ ಮುಚ್ಚಳ ತೆಗೆದು, ಹಲ್ಲನ್ನು ದೀಪದಡಿ ಹಿಡಿದು, ಸ್ಲಿಪ್ಪು ನೋಡಿ, ಮತ್ತೆ ಹಲ್ಲು ನೋಡಿದರು.

"ಇದು ಎ-ಮೂರು."

"ಹೌದು ಮೇಡಂ. ಅವರದು ಎ-ಮೂರೇ. ಡಾಕ್ಟ್ರು ಹಲ್ಲು ಒಣಗಿದ ಮೇಲೆ ನೋಡಿದಾರೆ. ನಾನು ನಿನ್ನೆ ಬಸ್ಸಿಗೆ ಹೋಗಿ ನೋಡ್ಕೊಂಡು ಬಂದೆ."

ಮೇಡಂ ಗಡಿಯಾರ ನೋಡಲಿಲ್ಲ. ಆಕೆಯ ಮುಖವನ್ನೇ ನೋಡಿದರು. "ನೀವು ಹೇಳೋದು ಸರಿ ಇರಬಹುದು. ನನಗೂ ಕೆಲಸ ಗೊತ್ತು ಅಕ್ಕಾ. ಆದ್ರೆ ಇಲ್ಲಿ ನಲವತ್ತು ಜನ ಇದಾರೆ. ನಲವತ್ತು ಜನ ಬಸ್ ಹತ್ತಿದ್ರೆ ನಾನು ಏನು ಮಾಡ್ಲಿ?" ಸ್ಲಿಪ್ಪನ್ನು ಮೇಜಿನ ಮೇಲಿಟ್ಟು ಹೇಳಿದರು: "ಕುಲುಮೆಯ ಲೆಕ್ಕ ನನ್ನ ಹತ್ರ ಇರುತ್ತೆ. ಎರಡು ಟೊಪ್ಪಿ ತಗೊಂಡಿದೀರಿ. ಇನ್ನೊಂದು ಹಲ್ಲು ನಿಮ್ಮ ಜೇಬಲ್ಲಿದೆ. ಅದನ್ನ ಇಡಿ. ಬಸ್ಸಿನ ವಿಷಯ ನಾನು ಕೇಳಿಸ್ಕೊಂಡಿಲ್ಲ. ಮೇಜು ನಿಮ್ಮದು."

ಕಿಟಕಿಯಕ್ಕ ಎಡ ಜೇಬಿನ ಡಬ್ಬಿಯನ್ನು ತೆಗೆದಳು. ಬಿಳಿಯ ಹಲ್ಲು ಅದರಲ್ಲಿ ಹೊಚ್ಚಹೊಸದಾಗಿ ಕೂತಿತ್ತು, ಒಂದು ಕೊಂಕಿಲ್ಲ. ಹನ್ನೊಂದು ಐವತ್ತೆರಡು. ಗಾಜಿನಾಚೆ ತಮ್ಮನ ಕೈ ನಿಂತಿತ್ತು. ಅವನ ಅಂಗಿಯ ಜೇಬಿನಲ್ಲಿ ತಾಯಿಯ ಎರಡು ಫೋಟೊಗಳಿದ್ದವು; ಒಂದರಲ್ಲಿ ಕಣ್ಣು ಮುಚ್ಚಿತ್ತೆಂದು ಬೆಳಿಗ್ಗೆ ಮತ್ತೊಂದು ಹುಡುಕಿ ಕೊಟ್ಟಿದ್ದರು. ಎರಡೂ ಹಲ್ಲುಗಳನ್ನು ಇಟ್ಟುಬಿಟ್ಟರೆ ಯಾವುದು ವ್ಯಾನು ಹತ್ತುತ್ತದೆ ಎಂದು ಆಕೆಗೆ ಗೊತ್ತಿತ್ತು. ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬಹುದಿತ್ತು.

ಆಕೆ ಮೇಜಿನ ಮೇಲಿದ್ದ ಇಕ್ಕಳ ಎತ್ತಿಕೊಂಡು, ಬಿಳಿಯ ಹಲ್ಲನ್ನು ಅದರ ಬಾಯಿಗಿಟ್ಟು ಒತ್ತಿದಳು. ಸಕ್ಕರೆಯ ಹರಳು ಕಡಿದಂಥ ಸಣ್ಣ ಶಬ್ದವಾಯಿತು. ಪಿಂಗಾಣಿಯ ಚೂರುಗಳು ಸ್ಲಿಪ್ಪಿನ ಮೇಲೆ ಬಿದ್ದವು. ಒಳಗಿನ ಲೋಹದ ಟೊಪ್ಪಿ ಚಪ್ಪಟೆಯಾಯಿತು.

ಪಕ್ಕದ ಮೇಜುಗಳಲ್ಲಿ ಕುಂಚಗಳು ನಿಂತವು.

"ಅದು ಪಾಸಾಗ್ತಿತ್ತು," ಎಂದರು ಮೇಡಂ, ಬಹಳ ಮೆಲ್ಲಗೆ.

"ಗೊತ್ತು ಮೇಡಂ. ಅದಕ್ಕೇ."

ಇನ್ನೊಂದು ಕಟ್ಟಲು ಸಮಯವಿರಲಿಲ್ಲ. ಆ ಲ್ಯಾಬು ಕೊಟ್ಟ ಗಂಟೆಯನ್ನು ಯಾವತ್ತೂ ತಪ್ಪಿಸಿರಲಿಲ್ಲ. ಮೇಡಂ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡಿ ಕಾಗದದಲ್ಲಿ ಮಡಿಸಿದರು. ಉಳಿದ ಹಲ್ಲಿನ ಡಬ್ಬಿಯ ಮೇಲೆ 'ಬಣ್ಣ ಸ್ಲಿಪ್ಪಿನಂತಿಲ್ಲ, ಡಾಕ್ಟರ ಗಮನಕ್ಕೆ' ಎಂದು ಬರೆದು ಸಹಿ ಹಾಕಿದರು. "ಹೋಗ್ಲಿ ಇದು. ಏನು ಬರುತ್ತೋ ಬರಲಿ. ಸೋಮವಾರ ನೀವು ಬರೋದು ಬೇಡ ಅಕ್ಕಾ."

ವ್ಯಾನು ಹನ್ನೆರಡು ಗಂಟೆ ನಾಲ್ಕು ನಿಮಿಷಕ್ಕೆ ಹೊರಟಿತು. ತಮ್ಮ ಗೇಟಿನವರೆಗೆ ಜತೆಯಲ್ಲಿ ಬಂದ. ಬೈದಿದ್ದರೆ ಚೆನ್ನಾಗಿತ್ತು.

"ಹನ್ನೆರಡು ವರ್ಷ ಅಕ್ಕ," ಎಂದಷ್ಟೇ ಹೇಳಿ, ಫೋಟೊಗಳನ್ನು ಆಕೆಯ ಕೈಗಿಟ್ಟು ಒಳಗೆ ಹೋದ.

ಮನೆಯಲ್ಲಿ ತಾಯಿ ಫೋಟೊಗಳನ್ನು ನೋಡಿದೊಡನೆ ಎಲ್ಲ ತಿಳಿದುಕೊಂಡರು. "ಅಲ್ಲಿ ಗೋಡೆ ಯಾವ ಬಣ್ಣ?" ಎಂದು ಕೇಳಿದರು. ಆಕೆ ನಡೆದದ್ದನ್ನು ಹೇಳಿದಳು. ಮುದುಕಿ ಫೋಟೊಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು. "ಸರಕಾರಿ ಆಸ್ಪತ್ರೆ ಸಾಲಲ್ಲಿ ನನಗೆ ಗೆಳತಿಯರಿದಾರೆ. ಅವರನ್ನ ಬಿಟ್ಟು ಹೋಗೋದೂ ಬೇಜಾರೇ ಇತ್ತು," ಎಂದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಆಕೆ ನಲವತ್ತೊಂದು ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿದಳು. ಇಪ್ಪತ್ತಾರರಲ್ಲಿ ನಿಂತು ಮಂಡಿ ತಿಕ್ಕಿಕೊಂಡಳು. ಮೆಟ್ಟಿಲಜ್ಜ ಪ್ಲಾಸ್ಟರ್ ಮೂಟೆಯನ್ನು ಅರ್ಧ ದಾರಿಗೆ ಎಳೆದು ತಂದಿದ್ದರು.

"ಐದಾಗಿಲ್ಲವಲ್ಲ ಅಜ್ಜಾ."

"ನನಗೆ ನಂಬಿಕೆ ಕಡಿಮೆ," ಎಂದು ಅವರು ಮೂಟೆಯನ್ನು ವಾಪಸು ತಳ್ಳಿದರು.

ಸೋಮವಾರ, ಮಂಗಳವಾರ ಆಕೆ ಕೆಲಸದ ನಡುವೆ ಎದ್ದು ಕೆಳಗಿನ ನಿಲ್ದಾಣ ನೋಡುತ್ತಿದ್ದಳು. ಹದಿನಾಲ್ಕನೆಯ ನಂಬರು ಬರುತ್ತಿತ್ತು, ಹೋಗುತ್ತಿತ್ತು. ಬಾಗಿಲಲ್ಲಿ ಮೀಸೆಯವನೇ ಇರುತ್ತಿದ್ದ. ಹಲ್ಲು ಹೊಂದಿತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಹೊಂದದೆ ಹೋದರೆ ಆಕೆ ಕೆಲಸವನ್ನು, ತಮ್ಮನ ಮಾತನ್ನು, ತಾಯಿಯ ಕಾರ್ಡನ್ನು ಒಂದು ತಪ್ಪು ಬಣ್ಣಕ್ಕೆ ಕಳೆದಂತೆ. ಹೊಂದಿದರೂ ಯಾರೂ ಬಂದು ಹೇಳುವುದಿಲ್ಲ. ಈ ಕಸುಬಿನಲ್ಲಿ ಮೆಚ್ಚುಗೆ ಎಂದು ಬೇರೆ ಇಲ್ಲ. ಕೆಟ್ಟದ್ದು ಮೂರು ದಿನದೊಳಗೆ ಕ್ಲಿನಿಕ್ಕಿನಿಂದ ಲ್ಯಾಬಿನ ವಾಪಸು ಬುಟ್ಟಿಗೆ ಬರುತ್ತದೆ, ಒಳ್ಳೆಯದು ಬರುವುದಿಲ್ಲ.

ಬುಧವಾರ ಸಂಜೆ ಮೆಟ್ಟಿಲಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು. ತಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತ. ಕಿಟಕಿಯನ್ನು ನೋಡಿದ, ಬೂದಿ ಗೋಡೆ ನೋಡಿದ, ಅಕ್ಕನನ್ನು ನೋಡಲಿಲ್ಲ.

"ಬರ್ಲಿಲ್ಲ," ಎಂದ.

"ಏನು?"

"ನಿನ್ನ ಹಲ್ಲು. ಬುಟ್ಟೀಲಿ." ಉಸಿರು ತೆಗೆದುಕೊಂಡ. "ಸೋಮವಾರ, ನಿನ್ನೆ, ಇವತ್ತು. ಮೂರು ದಿನವೂ ಬುಟ್ಟಿ ಮೇಡಂ ಅವರೇ ನೋಡಿದ್ರು. ನನ್ನ ಕೈಗೆ ಕೊಡ್ಲಿಲ್ಲ."

"ಏನಾದ್ರೂ ಅಂದ್ರಾ?"

"ಏನೂ ಇಲ್ಲ. ಇವತ್ತು ನೋಡಿ ಬುಟ್ಟಿ ಕೆಳಗಿಟ್ಟು ಹೋದ್ರು. ನಿನ್ನ ಮೇಜಿಗೆ ಬೇರೆಯವರು ಬಂದಿದಾರೆ." ಹೇಳಿ ಮುಗಿಸಿ, ಕಿಟಕಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಸಿದ.

"ಅದು ರೋಗಿ ಕೂರೋ ಕುರ್ಚಿ," ಎಂದಳು ಕಿಟಕಿಯಕ್ಕ. "ಅಲ್ಲಿ ಕೂತೋರು ಬಾಯಿ ತೆಗೀಬೇಕು."

"ತೆಗೆದ್ರೆ ಬೈಗುಳವೇ ಬರೋದು."

"ಬರ್ಲಿ," ಎಂದು ಆಕೆ ಕುಂಚವನ್ನು ನೀರಿಗೆ ಅದ್ದಿದಳು. "ಬೆಳಕು ಇನ್ನೂ ಅರ್ಧ ಗಂಟೆ ಇದೆ."